ಮಕ್ಕಳ ಕೈಯಲ್ಲಿ ಮನೆಯ ಫೋನ್: ಆ್ಯಪ್ ಡೌನ್‌ಲೋಡ್‌ನ ಕೀಲಿ ಯಾರ ಬಳಿ ಇರಬೇಕು?

ಫೋನ್‌ನಲ್ಲಿ 'ಸ್ಟೋರೇಜ್ ಫುಲ್' ಅಂತ ಬಂದಾಗ ಮಾತ್ರ ನಮ್ಮಲ್ಲಿ ಹೆಚ್ಚಿನವರು ಅದರೊಳಗೆ ಏನೆಲ್ಲ ಉಂಟು ಎಂದು ನೋಡುವುದು. ಆಗ ಹೆಸರು ಕೇಳದ ಆಟಗಳು, ಫೋಟೊ ಬದಲಾಯಿಸುವ ಆ್ಯಪ್‌ಗಳು, ಯಾವುದೋ ವಿಡಿಯೊ ಆ್ಯಪ್, ಒಂದೆರಡು ಸಾಲ ಕೊಡುವ ಆ್ಯಪ್ ಕೂಡ ಕಾಣಸಿಗುತ್ತವೆ. "ಇದನ್ನು ಯಾರು ಹಾಕಿದ್ದು?" ಎಂದು ಕೇಳಿದರೆ ಮನೆಯ ಸಣ್ಣವನ ಕಡೆಗೆ ಎಲ್ಲರ ಕಣ್ಣು ಹೋಗುತ್ತದೆ. ಅವನು ಉತ್ತರಿಸುವುದಿಲ್ಲ, ಫೋನ್ ಕಸಿಯಲಾಗುತ್ತದೆ, ಎರಡು ದಿನದಲ್ಲಿ ಮತ್ತೆ ಕೊಡಲಾಗುತ್ತದೆ. ಆ್ಯಪ್‌ಗಳೂ ಮತ್ತೆ ಬರುತ್ತವೆ.

ವರ್ಕಾಡಿ, ಮಜೀರ್ಪಳ್ಳ, ಪಾವೂರು, ಕೊಡ್ಲಮೊಗರು ಕಡೆಯ ಅನೇಕ ಮನೆಗಳ ಚಿತ್ರ ಒಂದೇ. ಉಪ್ಪ ಗಲ್ಫ್‌ನಲ್ಲಿ ಅಥವಾ ಮಂಗಳೂರಿನಲ್ಲಿ ದುಡಿಮೆಯಲ್ಲಿ. ಮನೆಯಲ್ಲಿರುವುದು ಉಮ್ಮನ ಫೋನ್. ಶಾಲೆಯ ವಾಟ್ಸ್ಆ್ಯಪ್ ಗ್ರೂಪ್, ಮದ್ರಸದ ಗ್ರೂಪ್, ಬ್ಯಾಂಕ್‌ನ ಒಟಿಪಿ, ಗ್ಯಾಸ್ ಬುಕಿಂಗ್, ಉಪ್ಪನ ವಿಡಿಯೊ ಕಾಲ್ ಎಲ್ಲ ಅದರಲ್ಲೇ. ಸಂಜೆಯಾದರೆ ಅದೇ ಫೋನ್ ಮಕ್ಕಳ ಕೈಗೆ. ಇನ್ನೊಂದು ಸಂಗತಿ ಉಂಟು. ಹೊಸ ಫೋನ್ ತಂದಾಗ ಅದನ್ನು 'ಸೆಟ್' ಮಾಡಿದ್ದು ಯಾರು? ಬಹಳ ಮನೆಗಳಲ್ಲಿ ಏಳನೆಯದೋ ಎಂಟನೆಯದೋ ಓದುವ ಮಗನೇ, ಮಗಳೇ. ಇಮೇಲ್ ಮಾಡಿದ್ದು ಅವರು, ಪಾಸ್‌ವರ್ಡ್ ಇಟ್ಟದ್ದು ಅವರು. ಉಮ್ಮನಿಗೆ ಆ ಪಾಸ್‌ವರ್ಡ್ ಗೊತ್ತಿಲ್ಲ.

ಈಗಿನ ಎಲ್ಲ ಫೋನ್‌ಗಳಲ್ಲೂ ಪೇರೆಂಟಲ್ ಕಂಟ್ರೋಲ್, ಅಂದ್ರೆ ಪೋಷಕರ ನಿಯಂತ್ರಣದ ವ್ಯವಸ್ಥೆ ಉಂಟು. ಅದಕ್ಕೆ ಹಣ ಕೊಡಬೇಕಾಗಿಲ್ಲ. ಆದರೆ ಬೀಗ ಎಷ್ಟೇ ಒಳ್ಳೆಯದಿರಲಿ, ಕೀಲಿ ಮಗುವಿನ ಜೇಬಿನಲ್ಲಿದ್ದರೆ ಪ್ರಯೋಜನವಿಲ್ಲ. ಅಂಗಡಿ ನಡೆಸುವವರಿಗೆ ಇದು ಬೇಗ ಅರ್ಥ ಆಗ್ತದೆ. ಕೆಲಸದ ಹುಡುಗ ಎಷ್ಟೇ ಒಳ್ಳೆಯವನಾದರೂ ಗಲ್ಲಾಪೆಟ್ಟಿಗೆಯ ಕೀಲಿ ಯಜಮಾನನ ಹತ್ತಿರ ಇರುತ್ತದೆ. ಹಾಗೆಯೇ ಮನೆಯಲ್ಲಿ ದಿನಾ ಮಗುವಿನ ಜೊತೆಗಿರುವ ದೊಡ್ಡವರ ಕೈಯಲ್ಲಿ ಆ್ಯಪ್‌ನ ಕೀಲಿ ಇರಬೇಕು. ಅದು ಹೇಗೆ ಎಂಬುದನ್ನು ಇಲ್ಲಿ ಒಂದೊಂದಾಗಿ ನೋಡೋಣ.

ನಿಷೇಧ ಇದ್ದರೂ ಆಟ ನಿಲ್ಲಲಿಲ್ಲ

ನಮ್ಮ ಮಕ್ಕಳ ಕೈಗೆ ಫೋನ್ ಖಾಯಂ ಆಗಿ ಬಂದದ್ದು ಕೊರೋನ ಕಾಲದಲ್ಲಿ. 2020ರ ಜೂನ್ 1ರಂದು ಕೇರಳ ಸರಕಾರ ಕೈಟ್ ವಿಕ್ಟರ್ಸ್ ಚಾನೆಲ್‌ನಲ್ಲಿ 'ಫಸ್ಟ್ ಬೆಲ್' ಪಾಠ ಆರಂಭಿಸಿತು. ಕನ್ನಡ ಮಾಧ್ಯಮದ ಮಕ್ಕಳಿಗೂ ಪಾಠಗಳು ಯೂಟ್ಯೂಬ್‌ನಲ್ಲಿ ಬಂದವು, ನೋಟ್ಸ್ ವಾಟ್ಸ್ಆ್ಯಪ್‌ನಲ್ಲಿ ಬಂತು. ಪಾಠಕ್ಕೆ ಬಂದ ಫೋನ್ ಪಾಠ ಮುಗಿದ ಮೇಲೆ ವಾಪಸ್ ಹೋಗಲಿಲ್ಲ.

ಅದೇ ವರ್ಷ ಜೂನ್ 29ರಂದು ಕೇಂದ್ರ ಸರಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು, ಸೆಪ್ಟೆಂಬರ್ 2ರಂದು ಪಬ್‌ಜಿ ಮೊಬೈಲ್ ಸೇರಿ 118 ಆ್ಯಪ್‌ಗಳನ್ನು ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಫ್ರೀ ಫೈರ್ ಕೂಡ ಹೋಯಿತು. ಪ್ಲೇ ಸ್ಟೋರ್‌ನಲ್ಲಿ ಹೆಸರು ಮಾಯವಾದರೂ ಹಳ್ಳಿಗಳ ಹುಡುಗರ ಫೋನ್‌ನಲ್ಲಿ ಆಟ ಮುಂದುವರಿಯಿತು. ಎಪಿಕೆ ಫೈಲ್ ಒಬ್ಬರಿಂದ ಒಬ್ಬರಿಗೆ ಹೋಯಿತು. ತಲಪಾಡಿ ಗಡಿಯ ಆಚೆ, ನಮ್ಮದೇ ನೆಂಟರಿಷ್ಟರು ಇರುವ ಉಳ್ಳಾಲ ಭಾಗದಲ್ಲಿ, 2021ರಲ್ಲಿ ಮೊಬೈಲ್ ಆಟದಿಂದ ಹುಟ್ಟಿದ ಜಗಳ ಒಂದು ಮಗುವಿನ ಜೀವ ತೆಗೆದ ಸುದ್ದಿ ಯಾರೂ ಮರೆತಿರಲಿಕ್ಕಿಲ್ಲ. ಆ ಕುಟುಂಬದ ನೋವನ್ನು ಮತ್ತೆ ಕೆದಕುವ ಉದ್ದೇಶ ಇಲ್ಲಿಲ್ಲ. ಆದರೆ ಒಂದು ವಿಷಯ ಗಮನಿಸಲೇಬೇಕು. ದೆಹಲಿಯ ಆದೇಶ ನಮ್ಮ ಮನೆಯ ಜಗಲಿಯವರೆಗೆ ತನ್ನಷ್ಟಕ್ಕೆ ತಲುಪುವುದಿಲ್ಲ. ಕೊನೆಯ ಬಾಗಿಲು ಹಾಕಬೇಕಾದವರು ಮನೆಯವರು.

ಮೊದಲ ಕೆಲಸ: ಅಕೌಂಟ್ ಯಾರದ್ದು?

ಬೇರೇನು ಮಾಡುವ ಮೊದಲು ಈ ಮೂರು ನೋಡಿ.

ಒಂದು, ಫೋನ್‌ನಲ್ಲಿ ಯಾವ ಗೂಗಲ್ ಅಕೌಂಟ್ ಇದೆ? ಪ್ಲೇ ಸ್ಟೋರ್ ತೆರೆದು ಮೇಲೆ ಬಲಗಡೆಯ ದುಂಡಗಿನ ಚಿತ್ರ ಒತ್ತಿದರೆ ಇಮೇಲ್ ವಿಳಾಸ ಕಾಣುತ್ತದೆ. ಎರಡು ಮೂರು ಅಕೌಂಟ್ ಇದ್ದರೆ ಎಲ್ಲವನ್ನೂ ಬರೆದಿಟ್ಟುಕೊಳ್ಳಿ. ಬೇಡದ್ದನ್ನು ತೆಗೆಯಿರಿ.

ಎರಡು, ಆ ಅಕೌಂಟ್‌ನ ಪಾಸ್‌ವರ್ಡ್ ಬದಲಾಯಿಸಿ. ರಿಕವರಿ ನಂಬರ್ ಉಮ್ಮನದ್ದೋ ಉಪ್ಪನದ್ದೋ ಇರಲಿ. ಹೊಸ ಪಾಸ್‌ವರ್ಡ್ ಒಂದು ಪುಸ್ತಕದಲ್ಲಿ ಬರೆದು ರೇಶನ್ ಕಾರ್ಡ್, ಆಧಾರ್ ಇಡುವ ಕಡೆ ಇಡಿ. ಮಗುವಿನ ಹುಟ್ಟಿದ ದಿನ, ಗಾಡಿಯ ನಂಬರ್, 1234 ಇಂಥದ್ದು ಬೇಡ. ಮಕ್ಕಳು ಮೊದಲು ಒತ್ತಿ ನೋಡುವುದೇ ಅದನ್ನು.

ಮೂರು, ಮಗುವಿಗೆ ಬೇರೆ ಅಕೌಂಟ್ ಇದ್ದರೆ ಅದರಲ್ಲಿ ಹುಟ್ಟಿದ ವರ್ಷ ಏನು ಹಾಕಿದ್ದಾರೆ ನೋಡಿ. ಹತ್ತು ವರ್ಷದ ಹುಡುಗ 1998ರಲ್ಲಿ ಹುಟ್ಟಿದ್ದಾಗಿ ಬರೆದಿದ್ದರೆ ಗೂಗಲ್ ಅವನನ್ನು ದೊಡ್ಡವನೆಂದೇ ತಿಳಿಯುತ್ತದೆ. ಜಾಹೀರಾತು, ವಿಡಿಯೊ, ಆಟ ಎಲ್ಲ ದೊಡ್ಡವರಿಗೆ ಕೊಡುವಂತೆಯೇ ಕೊಡುತ್ತದೆ. ವಯಸ್ಸು ಸರಿ ಇದ್ದರೆ ಮಾತ್ರ ಮಕ್ಕಳಿಗಾಗಿ ಇರುವ ರಕ್ಷಣೆ ಕೆಲಸ ಮಾಡುವುದು.

ಉಮ್ಮನ ಫೋನ್‌ಗೆ: ಪ್ಲೇ ಸ್ಟೋರ್‌ನ ಪಿನ್

ಮನೆಗೆಲ್ಲ ಒಂದೇ ಫೋನ್ ಆದರೆ ಪ್ಲೇ ಸ್ಟೋರ್‌ನ ಒಳಗಿರುವ ವ್ಯವಸ್ಥೆ ಸಾಕು. ಹೀಗೆ ಮಾಡಿ:

1. ಪ್ಲೇ ಸ್ಟೋರ್ ತೆರೆಯಿರಿ. ಬಲಗಡೆಯ ದುಂಡು ಚಿತ್ರ ಒತ್ತಿ 'ಸೆಟ್ಟಿಂಗ್ಸ್'ಗೆ ಹೋಗಿ.
2. ಅಲ್ಲಿ 'ಫ್ಯಾಮಿಲಿ', ಅದರೊಳಗೆ 'ಪೇರೆಂಟಲ್ ಕಂಟ್ರೋಲ್ಸ್' ಒತ್ತಿ ಆನ್ ಮಾಡಿ.
3. ನಾಲ್ಕು ಅಂಕೆಯ ಪಿನ್ ಕೇಳುತ್ತದೆ. ಫೋನ್ ಲಾಕ್‌ಗೂ ಬ್ಯಾಂಕ್‌ಗೂ ಇಟ್ಟ ಪಿನ್ ಇಲ್ಲಿ ಬೇಡ. ಬೇರೆಯದ್ದು ಇಡಿ.
4. 'ಆ್ಯಪ್ಸ್ ಆ್ಯಂಡ್ ಗೇಮ್ಸ್' ಒತ್ತಿದರೆ ವಯಸ್ಸಿನ ಪಟ್ಟಿ ಬರುತ್ತದೆ. ನಮ್ಮ ದೇಶದಲ್ಲಿ 3+, 7+, 12+, 16+, 18+ ಎಂದು ಐದು ಹಂತ. ಮಗುವಿನ ವಯಸ್ಸಿಗೆ ತಕ್ಕದ್ದನ್ನು ಆರಿಸಿ ಸೇವ್ ಮಾಡಿ.

ಇಷ್ಟು ಮಾಡಲು ಐದು ನಿಮಿಷ ಸಾಕು. ಇನ್ನು ಇದರಿಂದ ಆಗದ್ದು ಏನೆಂದೂ ತಿಳಿದಿರಬೇಕು. ಈ ಬೀಗ ಹಾಕಿದ ಫೋನ್‌ಗೆ ಮಾತ್ರ ಅನ್ವಯ. ಅದೇ ಅಕೌಂಟ್ ಟ್ಯಾಬ್‌ನಲ್ಲೂ ಇದ್ದರೆ ಅಲ್ಲಿಯೂ ಬೇರೆಯಾಗಿ ಹಾಕಬೇಕು. ಮೊದಲೇ ಇನ್‌ಸ್ಟಾಲ್ ಆಗಿರುವ ಆ್ಯಪ್‌ಗಳನ್ನು ಇದು ತೆಗೆಯುವುದಿಲ್ಲ. ಅದನ್ನು ನೀವೇ ಕೂತು ತೆಗೆಯಬೇಕು. 12+ ಎಂದು ಇಟ್ಟರೆ ಅದರ ಕೆಳಗಿನ ಎಲ್ಲ ಆ್ಯಪ್‌ಗಳು ಪಿನ್ ಇಲ್ಲದೆ ಇಳಿಯುತ್ತವೆ. ಫೋನ್‌ನ ಸೆಟ್ಟಿಂಗ್ಸ್ ಚೆನ್ನಾಗಿ ತಿಳಿದ ದೊಡ್ಡ ಹುಡುಗ ಈ ಪಿನ್ ತಪ್ಪಿಸಲೂ ಬಹುದು. ಹಾಗಾಗಿ ಫೋನ್‌ನಲ್ಲಿ 'ಆ್ಯಪ್ ಲಾಕ್' ಸೌಕರ್ಯ ಇದ್ದರೆ ಪ್ಲೇ ಸ್ಟೋರ್‌ಗೂ ಸೆಟ್ಟಿಂಗ್ಸ್‌ಗೂ ಅದನ್ನು ಹಾಕಿ. ಬ್ಯಾಂಕ್ ಮತ್ತು ಯುಪಿಐ ಆ್ಯಪ್‌ಗಳಿಗಂತೂ ಹಾಕಲೇಬೇಕು.

ಸಣ್ಣ ಮಗುವಿಗೆ ಒಂದೇ ಆ್ಯಪ್ ಕೊಡುವುದಿದ್ದರೆ 'ಆ್ಯಪ್ ಪಿನ್ನಿಂಗ್' ಉಪಯೋಗಕ್ಕೆ ಬರ್ತದೆ. ಇದು ಸೆಟ್ಟಿಂಗ್ಸ್‌ನ ಸೆಕ್ಯುರಿಟಿ ವಿಭಾಗದಲ್ಲಿ ಸಿಗುತ್ತದೆ. ಹೊರಬರಲು ಫೋನ್‌ನ ಲಾಕ್ ಕೇಳುವಂತೆ ಇಟ್ಟರೆ ಪಾಠದ ಆ್ಯಪ್ ತೆರೆದು ಕೊಟ್ಟ ಮೇಲೆ ಮಗು ಅದರಿಂದ ಆಚೆ ಹೋಗಲಾರದು. ಕೆಲವು ಆಂಡ್ರಾಯ್ಡ್ ಫೋನ್‌ಗಳಲ್ಲಿ ಎರಡನೇ 'ಯೂಸರ್' ಮಾಡಿಕೊಡುವ ವ್ಯವಸ್ಥೆಯೂ ಉಂಟು. ಸ್ಯಾಮ್‌ಸಂಗ್‌ನವರಲ್ಲಿ 'ಸ್ಯಾಮ್‌ಸಂಗ್ ಕಿಡ್ಸ್' ಎಂಬ ಬೇರೆಯೇ ಕೋಣೆ ಇದೆ.

ಹಿಂಬಾಗಿಲು ಮುಚ್ಚಿದ್ದೀರಾ?

ಮುಂದಿನ ಬಾಗಿಲಿಗೆ ಬೀಗ ಹಾಕಿ ಹಿಂದಿನದ್ದನ್ನು ತೆರೆದಿಟ್ಟರೆ ಏನು ಪ್ರಯೋಜನ? ಆಂಡ್ರಾಯ್ಡ್ ಫೋನ್‌ಗೆ ಹಿಂಬಾಗಿಲು ಎರಡು.

ಮೊದಲನೆಯದು ಫೋನ್ ಕಂಪೆನಿಯ ಸ್ವಂತ ಸ್ಟೋರ್. ಶಿಯೋಮಿ, ರೆಡ್‌ಮಿ ಫೋನ್‌ನಲ್ಲಿ 'ಗೆಟ್‌ಆ್ಯಪ್ಸ್', ಸ್ಯಾಮ್‌ಸಂಗ್‌ನಲ್ಲಿ 'ಗ್ಯಾಲಕ್ಸಿ ಸ್ಟೋರ್', ವಿವೊದಲ್ಲಿ 'ವಿ ಆ್ಯಪ್‌ಸ್ಟೋರ್', ಒಪ್ಪೊ ಮತ್ತು ರಿಯಲ್‌ಮಿಯಲ್ಲಿ 'ಆ್ಯಪ್ ಮಾರ್ಕೆಟ್'. ಪ್ಲೇ ಸ್ಟೋರ್‌ನ ಪಿನ್ ಇವುಗಳನ್ನು ತಡೆಯುವುದಿಲ್ಲ. ಸಾಧ್ಯವಾದರೆ ಡಿಸೇಬಲ್ ಮಾಡಿ, ಇಲ್ಲದಿದ್ದರೆ ಆ್ಯಪ್ ಲಾಕ್ ಹಾಕಿ.

ಎರಡನೆಯದು ಎಪಿಕೆ ಫೈಲ್. ವಾಟ್ಸ್ಆ್ಯಪ್‌ನಲ್ಲಿ, ಟೆಲಿಗ್ರಾಂನಲ್ಲಿ, ಕ್ರೋಮ್‌ನಲ್ಲಿ ಬಂದ ಫೈಲ್ ಒತ್ತಿ ನೇರ ಇನ್‌ಸ್ಟಾಲ್ ಮಾಡುವುದು. ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ 'ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್' ಎಂದು ಬರೆದರೆ ಒಂದು ಪಟ್ಟಿ ಬರುತ್ತದೆ. ಕ್ರೋಮ್, ವಾಟ್ಸ್ಆ್ಯಪ್, ಫೈಲ್ ಮ್ಯಾನೇಜರ್ ಎಲ್ಲದರ ಎದುರು 'ನಾಟ್ ಅಲೋವ್ಡ್' ಇರಬೇಕು. ಪ್ಲೇ ಸ್ಟೋರ್‌ನ ಮೆನುವಿನಲ್ಲಿ 'ಪ್ಲೇ ಪ್ರೊಟೆಕ್ಟ್' ಆನ್ ಇರಬೇಕು.

ಇದು ಆಟದ ವಿಷಯ ಮಾತ್ರ ಅಂತ ತಿಳಿಯಬೇಡಿ. ಮದುವೆ ಆಮಂತ್ರಣ, ಆರ್‌ಟಿಒ ದಂಡದ ಚಲನ್ ಎಂಬ ಹೆಸರಿನಲ್ಲಿ ಬರುವ ಎಪಿಕೆ ಫೈಲ್‌ಗಳಿಂದ ಫೋನ್‌ನ ಮೆಸೇಜ್ ಓದಿ ಬ್ಯಾಂಕ್ ಹಣ ಕದಿಯುವ ಮೋಸ ಕೇರಳದಲ್ಲೂ ಕರ್ನಾಟಕದಲ್ಲೂ ನಡೆದಿದೆ. ಮಗು ಆಟಕ್ಕೆಂದು ತೆರೆದಿಟ್ಟ ಬಾಗಿಲಲ್ಲೇ ಕಳ್ಳ ಒಳಗೆ ಬರುವುದು. ಉಪ್ಪ ತಿಂಗಳಿಡೀ ಬಿಸಿಲಲ್ಲಿ ದುಡಿದು ಕಳುಹಿಸಿದ ಹಣ ಬಂದು ಬೀಳುವುದೂ ಅದೇ ಫೋನ್‌ನ ಅಕೌಂಟ್‌ಗೆ ಎಂಬುದು ನೆನಪಿರಲಿ.

ಮಗುವಿಗೇ ಬೇರೆ ಫೋನ್ ಇದ್ದರೆ: ಫ್ಯಾಮಿಲಿ ಲಿಂಕ್

ಹಳೆಯ ಫೋನ್ ಒಂದನ್ನು ಮಗುವಿಗೆ ಕೊಟ್ಟಿದ್ದರೆ ಗೂಗಲ್‌ನ 'ಫ್ಯಾಮಿಲಿ ಲಿಂಕ್' ಒಳ್ಳೆಯದು. ಪೋಷಕರ ಫೋನ್‌ನಲ್ಲಿ ಈ ಆ್ಯಪ್ ಹಾಕಬೇಕು. ಪೋಷಕರದ್ದು ಐಫೋನ್ ಆದರೂ ನಡೆಯುತ್ತದೆ. ಮಗುವಿನ ಫೋನ್‌ನಲ್ಲಿ ಸೆಟ್ಟಿಂಗ್ಸ್, ಗೂಗಲ್, 'ಪೇರೆಂಟಲ್ ಕಂಟ್ರೋಲ್ಸ್' ಎಂಬಲ್ಲಿ ಮಗುವಿನ ಅಕೌಂಟನ್ನು ಪೋಷಕರ ಅಕೌಂಟ್‌ಗೆ ಜೋಡಿಸಬೇಕು.

ಇದರಲ್ಲಿ ಮುಖ್ಯವಾದದ್ದು ಅನುಮತಿ. ಡೌನ್‌ಲೋಡ್ ಅನುಮತಿಯ ಜಾಗದಲ್ಲಿ 'ಆಲ್ ಕಂಟೆಂಟ್' ಎಂದು ಇಟ್ಟರೆ ಮಗು ಉಚಿತ ಆ್ಯಪ್ ಒತ್ತಿದರೂ ಪೋಷಕರಿಗೆ ಸಂದೇಶ ಬರುತ್ತದೆ. ನೋಡಿ 'ಅಪ್ರೂವ್' ಅಥವಾ 'ಡಿಕ್ಲೈನ್' ಒತ್ತಬಹುದು. ಯಾವ ಆ್ಯಪ್ ಎಷ್ಟು ಹೊತ್ತು ಬಳಕೆಯಾಯಿತು ಎಂಬ ಲೆಕ್ಕ ಸಿಗುತ್ತದೆ. ದಿನದ ಮಿತಿ ಇಡಬಹುದು, ರಾತ್ರಿ ಇಂತಿಷ್ಟು ಗಂಟೆಗೆ ಫೋನ್ ಲಾಕ್ ಆಗುವಂತೆ ಮಾಡಬಹುದು. ಒಮ್ಮೆ ಒಪ್ಪಿದ ಆ್ಯಪ್‌ನ ಅಪ್‌ಡೇಟ್‌ಗೆ, ತೆಗೆದು ಮತ್ತೆ ಹಾಕುವುದಕ್ಕೆ ಮತ್ತೆ ಅನುಮತಿ ಕೇಳುವುದಿಲ್ಲ. ಆದ್ದರಿಂದ ಮೊದಲ ಒಪ್ಪಿಗೆಯೇ ಜಾಗ್ರತೆಯದ್ದಾಗಿರಲಿ.

ಗಲ್ಫ್‌ನಲ್ಲಿರುವ ಉಪ್ಪಂದಿರು ಇಲ್ಲಿ ಗಮನಿಸಬೇಕು. ಗೂಗಲ್‌ನ ಫ್ಯಾಮಿಲಿ ಗ್ರೂಪ್‌ನಲ್ಲಿ ಸದಸ್ಯರು ಒಂದೇ ದೇಶದವರಾಗಿರಬೇಕು ಎಂಬ ನಿಯಮ ಇದೆ. ಆ್ಯಪಲ್‌ನ ಫ್ಯಾಮಿಲಿ ಶೇರಿಂಗ್‌ಗೂ ಎಲ್ಲರ ಅಕೌಂಟ್ ಒಂದೇ ದೇಶದ್ದಿರಬೇಕು. ದುಬೈ ಅಥವಾ ದಮ್ಮಾಮ್‌ನಲ್ಲಿ ಅಕೌಂಟ್‌ನ ದೇಶ ಬದಲಾಯಿಸಿಕೊಂಡ ಉಪ್ಪನಿಗೆ ವರ್ಕಾಡಿಯ ಮಗುವಿನ ಅಕೌಂಟ್ ಜೋಡಿಸಲು ಹೋದರೆ ತೊಡಕಾಗುವುದು ಇದರಿಂದಲೇ. ಜೋಡಿಸಲು ಆದರೂ ಅದು ಸರಿಯಾದ ವ್ಯವಸ್ಥೆಯಲ್ಲ ಎಂಬುದು ನನ್ನ ಅಭಿಪ್ರಾಯ. ಉಪ್ಪ ಡ್ಯೂಟಿಯಲ್ಲಿ ಇರುವಾಗ ಇಲ್ಲಿ ಮಗು ಶಾಲೆಯ ಕೆಲಸದ ಆ್ಯಪ್‌ಗೆ ಅನುಮತಿ ಕೇಳಿ ಕಾಯುತ್ತಾ ಕೂರಬೇಕು. ಕೊನೆಗೆ ಬೇಸತ್ತು "ಎಲ್ಲದಕ್ಕೂ ಒಪ್ಪಿಗೆ" ಎಂದು ಇಟ್ಟುಬಿಡುತ್ತಾರೆ.

ಹಾಗಾಗಿ ಕೀಲಿ ಉಮ್ಮನ ಕೈಯಲ್ಲಿರಲಿ. "ಅವಳಿಗೆ ಫೋನ್ ಗೊತ್ತಾಗುವುದಿಲ್ಲ" ಎಂಬ ಮಾತನ್ನು ಬಿಡಬೇಕು. ಬ್ಯಾಂಕ್, ರೇಶನ್, ಶಾಲೆ, ಆಸ್ಪತ್ರೆ ಎಲ್ಲವನ್ನೂ ಒಬ್ಬಳೇ ನಿಭಾಯಿಸುವವಳಿಗೆ ನಾಲ್ಕು ಅಂಕೆಯ ಪಿನ್ ಕಷ್ಟವಲ್ಲ. ಕೇರಳದ ಕೈಟ್ ಸಂಸ್ಥೆ 2022ರಲ್ಲಿ ಹೈಸ್ಕೂಲುಗಳ ಲಿಟಲ್ ಕೈಟ್ಸ್ ಕ್ಲಬ್‌ಗಳ ಮೂಲಕ ತಾಯಂದಿರಿಗೇ ಸೈಬರ್ ಸುರಕ್ಷತೆಯ ತರಬೇತಿ ಕೊಟ್ಟದ್ದು ಇದೇ ಕಾರಣಕ್ಕೆ. ನಿಮ್ಮ ಮಕ್ಕಳ ಶಾಲೆಯಲ್ಲಿ ಲಿಟಲ್ ಕೈಟ್ಸ್ ಇದ್ದರೆ ಅಂಥ ತರಗತಿ ಮತ್ತೆ ಇಡಲು ಪಿಟಿಎ ಸಭೆಯಲ್ಲಿ ಕೇಳಿ. ಜಮಾಅತ್ ಮತ್ತು ಯುವಕರ ಸಂಘಗಳೂ ಮಹಿಳೆಯರಿಗೆ ಒಂದು ಮಧ್ಯಾಹ್ನದ ತರಗತಿ ಇಡಬಹುದು. ಊರಿನಲ್ಲಿ ಬಿಕಾಂ, ಬಿಸಿಎ ಓದಿದ ಹುಡುಗಿಯರಿದ್ದಾರೆ, ಅವರೇ ಕಲಿಸಲಿ.

ಐಫೋನ್‌ನಲ್ಲಿ

ಗಲ್ಫ್‌ನಿಂದ ಬಂದ ಹಳೆಯ ಐಫೋನ್, ಐಪ್ಯಾಡ್ ನಮ್ಮ ಮನೆಗಳಲ್ಲಿ ಕಡಿಮೆಯಿಲ್ಲ. ಇವುಗಳಲ್ಲಿ 2018ರಿಂದ 'ಸ್ಕ್ರೀನ್ ಟೈಮ್' ಎಂಬ ವ್ಯವಸ್ಥೆ ಉಂಟು. ಸೆಟ್ಟಿಂಗ್ಸ್‌ನಲ್ಲಿ 'ಸ್ಕ್ರೀನ್ ಟೈಮ್' ತೆರೆದು ಮೊದಲು ಅದಕ್ಕೇ ಒಂದು ಪಾಸ್‌ಕೋಡ್ ಇಡಿ. ಫೋನ್ ತೆರೆಯುವ ಪಾಸ್‌ಕೋಡ್ ಮಗುವಿಗೆ ಗೊತ್ತಿದ್ದರೂ ಇದು ಗೊತ್ತಿರಬಾರದು. ನಂತರ 'ಕಂಟೆಂಟ್ ಆ್ಯಂಡ್ ಪ್ರೈವಸಿ ರಿಸ್ಟ್ರಿಕ್ಷನ್ಸ್' ಆನ್ ಮಾಡಿ, 'ಐಟ್ಯೂನ್ಸ್ ಆ್ಯಂಡ್ ಆ್ಯಪ್ ಸ್ಟೋರ್ ಪರ್ಚೇಸಸ್' ಒಳಗೆ ಹೋಗಿ 'ಇನ್‌ಸ್ಟಾಲಿಂಗ್ ಆ್ಯಪ್ಸ್' ಮತ್ತು 'ಇನ್ ಆ್ಯಪ್ ಪರ್ಚೇಸಸ್' ಎರಡಕ್ಕೂ 'ಡೋಂಟ್ ಅಲೋ' ಕೊಡಿ. ಆಗ ಆ್ಯಪ್ ಸ್ಟೋರ್‌ನ ಚಿಹ್ನೆಯೇ ಪರದೆಯಿಂದ ಹೋಗುತ್ತದೆ. ಬೇಕಾದಾಗ ನೀವೇ ತೆರೆದು ಹಾಕಿಕೊಡಬಹುದು.

ಮಗುವಿಗೆ ಸ್ವಂತ ಆ್ಯಪಲ್ ಅಕೌಂಟ್ ಮಾಡಿ ಫ್ಯಾಮಿಲಿ ಶೇರಿಂಗ್‌ಗೆ ಸೇರಿಸಿದರೆ 'ಆಸ್ಕ್ ಟು ಬೈ' ಕೆಲಸ ಮಾಡುತ್ತದೆ. ಮಗು ಕೇಳುತ್ತದೆ, ಪೋಷಕರ ಫೋನ್‌ಗೆ ಸಂದೇಶ ಬರುತ್ತದೆ. ಆ್ಯಪಲ್ 2025ರಲ್ಲಿ ವಯಸ್ಸಿನ ಹಂತಗಳನ್ನು ಬದಲಾಯಿಸಿತು. ಈಗ 4+, 9+, 13+, 16+, 18+ ಎಂದು ಬರುತ್ತದೆ. ಹಳೆಯ 12+, 17+ ಈಗ ಇಲ್ಲ.

'ಅಪ್ರೂವ್' ಒತ್ತುವ ಮೊದಲು

ರೇಟಿಂಗ್ ನೋಡಿ ಮಾತ್ರ ಒಪ್ಪಿಗೆ ಕೊಡಬೇಡಿ. ಆ್ಯಪ್‌ನಲ್ಲಿ ಹೊಡೆದಾಟ, ಜೂಜು, ಅಶ್ಲೀಲ ಇದೆಯೇ ಎಂಬುದನ್ನಷ್ಟೇ ರೇಟಿಂಗ್ ಹೇಳುವುದು. ಆ ಆ್ಯಪ್ ಮಗುವಿಗೆ ಒಳ್ಳೆಯದೇ, ಅದರಲ್ಲಿ ಗುರುತಿಲ್ಲದವರು ಮಾತನಾಡಿಸುತ್ತಾರೆಯೇ ಎಂಬುದು ಅದರಿಂದ ತಿಳಿಯದು. ವಾಟ್ಸ್ಆ್ಯಪ್‌ಗೆ ಪ್ಲೇ ಸ್ಟೋರ್ ಕೊಡುವ ರೇಟಿಂಗ್ 3+. ಆದರೆ ಬಳಸಲು ಕನಿಷ್ಠ 13 ವರ್ಷ ಆಗಿರಬೇಕು ಎಂಬುದು ಆ ಕಂಪೆನಿಯದ್ದೇ ನಿಯಮ. ಇನ್‌ಸ್ಟಾಗ್ರಾಂಗೂ 13.

ಆದ್ದರಿಂದ ಆ್ಯಪ್‌ನ ಪುಟದಲ್ಲಿ ಈ ಐದನ್ನು ನೋಡಿ:

- ತಯಾರಿಸಿದವರು ಯಾರು? ಹೆಸರಾಂತ ಆ್ಯಪ್‌ನ ನಕಲು ಇರಬಹುದು.
- 'ಕಂಟೇನ್ಸ್ ಆ್ಯಡ್ಸ್', 'ಇನ್ ಆ್ಯಪ್ ಪರ್ಚೇಸಸ್' ಎಂದು ಬರೆದಿದೆಯೇ? ಇದ್ದರೆ ಆಟದ ನಡುವೆ ಜಾಹೀರಾತು ಬರುತ್ತದೆ ಅಥವಾ ಹಣ ಕೇಳುತ್ತದೆ ಎಂದೇ ಅರ್ಥ.
- 'ಯೂಸರ್ಸ್ ಇಂಟರಾಕ್ಟ್' ಎಂದಿದೆಯೇ? ಇದ್ದರೆ ಹೊರಗಿನವರು ಮಗುವಿನ ಜೊತೆ ಮಾತನಾಡಬಹುದು.
- ಏನೆಲ್ಲ ಅನುಮತಿ ಕೇಳುತ್ತದೆ? ಲೆಕ್ಕ ಕಲಿಸುವ ಆ್ಯಪ್‌ಗೆ ಕಾಂಟ್ಯಾಕ್ಟ್ಸ್, ಮೆಸೇಜ್, ಲೊಕೇಶನ್ ಯಾಕೆ ಬೇಕು?
- ಒಂದು ಸ್ಟಾರ್ ಕೊಟ್ಟವರು ಏನು ಬರೆದಿದ್ದಾರೆ? ಐದು ಸ್ಟಾರ್‌ನವರ ಮಾತಿಗಿಂತ ಇದು ಹೆಚ್ಚು ಉಪಯೋಗಿ.

ಹಣದ ಬಾಗಿಲು

ಉಚಿತ ಆಟ ಎಂದರೆ ವ್ಯಾಪಾರ ಇಲ್ಲ ಎಂದಲ್ಲ. ಬಾಗಿಲಲ್ಲಿ ಹಣ ಕೇಳುವುದಿಲ್ಲ, ಒಳಗೆ ಹೋದ ಮೇಲೆ ಕೇಳುತ್ತಾರೆ. ವಜ್ರ, ನಾಣ್ಯ, ಬಂದೂಕು, ಅಂಗಿ ಎಂದು ಮಾರುವುದೆಲ್ಲ ನಿಜವಾದ ಹಣಕ್ಕೆ. ದೊಡ್ಡ ಕಂಪೆನಿಗಳೇ ಈ ವಿಷಯದಲ್ಲಿ ಹಣ ಹಿಂತಿರುಗಿಸಿವೆ. ಒಮ್ಮೆ ಪಾಸ್‌ವರ್ಡ್ ಹಾಕಿದರೆ ಆ್ಯಪಲ್‌ನಲ್ಲಿ 15 ನಿಮಿಷ, ಗೂಗಲ್‌ನಲ್ಲಿ 30 ನಿಮಿಷ ಮಕ್ಕಳು ಮತ್ತೆ ಕೇಳದೆ ಖರೀದಿ ಮಾಡಬಹುದಿತ್ತು. ಈ ಬಗ್ಗೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಕ್ರಮ ಕೈಗೊಂಡ ಮೇಲೆ 2014ರಲ್ಲಿ ಆ್ಯಪಲ್ ಕನಿಷ್ಠ 3.25 ಕೋಟಿ ಡಾಲರ್, ಗೂಗಲ್ ಕನಿಷ್ಠ 1.9 ಕೋಟಿ ಡಾಲರ್ ಪೋಷಕರಿಗೆ ಹಿಂತಿರುಗಿಸಲು ಒಪ್ಪಬೇಕಾಯಿತು.

ನಮ್ಮ ಫೋನ್‌ನಲ್ಲಿ ಮಾಡಬೇಕಾದದ್ದು ಇಷ್ಟು. ಪ್ಲೇ ಸ್ಟೋರ್‌ನ ಸೆಟ್ಟಿಂಗ್ಸ್‌ನಲ್ಲಿ ಖರೀದಿಯ ದೃಢೀಕರಣ ಪ್ರತಿ ಖರೀದಿಗೂ ಬೇಕು ಎಂದು ಇಡಿ. ಅಲ್ಲಿ ಮಗುವಿನ ಬೆರಳಚ್ಚು ಫೋನ್‌ಗೆ ಸೇರಿಸಿದ್ದರೆ ಅದನ್ನು ತೆಗೆಯಿರಿ, ಇಲ್ಲದಿದ್ದರೆ ದೃಢೀಕರಣಕ್ಕೆ ಬೆಲೆಯೇ ಇಲ್ಲ. ಪ್ಲೇ ಸ್ಟೋರ್‌ನಲ್ಲಿ ಕಾರ್ಡ್ ಅಥವಾ ಯುಪಿಐ ಜೋಡಿಸಿದ್ದು ಬೇಡದಿದ್ದರೆ ಅಳಿಸಿ. ಯುಪಿಐ ಆ್ಯಪ್‌ನಲ್ಲಿ 'ಆಟೋಪೇ' ವಿಭಾಗ ತೆರೆದು ನೋಡಿ. ಒಮ್ಮೆ ಒಪ್ಪಿಗೆ ಕೊಟ್ಟರೆ 15,000 ರೂಪಾಯಿವರೆಗಿನ ಕಂತು ಪ್ರತಿ ಬಾರಿ ಪಿನ್ ಕೇಳದೆ ಹೋಗುವ ಅವಕಾಶ ಅದರಲ್ಲಿದೆ. 'ಯುಪಿಐ ಲೈಟ್'ನಲ್ಲೂ ಸಣ್ಣ ಮೊತ್ತಕ್ಕೆ ಪಿನ್ ಬೇಡ. ಒಂದು ಸಲಕ್ಕೆ 1,000 ರೂಪಾಯಿವರೆಗೆ, ಒಟ್ಟು 5,000 ರೂಪಾಯಿ ಅದರಲ್ಲಿ ಇಡಬಹುದು. ಮಕ್ಕಳು ಬಳಸುವ ಫೋನ್‌ನಲ್ಲಿ ಯುಪಿಐ ಲೈಟ್ ಇಡದಿರುವುದೇ ಒಳ್ಳೆಯದು.

ಹಣ ಹೋದದ್ದು ಗೊತ್ತಾದರೆ ತಡ ಮಾಡಬೇಡಿ. ಪ್ಲೇ ಸ್ಟೋರ್‌ನ ಖರೀದಿಗೆ 48 ಗಂಟೆಯೊಳಗೆ ರಿಫಂಡ್ ಕೇಳಿದರೆ ಸಿಗುವ ಸಾಧ್ಯತೆ ಹೆಚ್ಚು. ನಿಮಗೆ ತಿಳಿಯದೇ ಆದ ಖರೀದಿಯನ್ನು 120 ದಿನದೊಳಗೆ ಗೂಗಲ್‌ಗೆ ತಿಳಿಸಬೇಕು.

ಹಣ ಕಟ್ಟಿ ಹಣ ಗೆಲ್ಲುವ ಆಟಗಳ ವಿಷಯ ಬೇರೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಅಂಥ ಆಟಗಳನ್ನು ನಡೆಸುವುದನ್ನೂ ಜಾಹೀರಾತು ಕೊಡುವುದನ್ನೂ ನಿಷೇಧಿಸಿದೆ. ಈಗ ಯಾರಾದರೂ "ಈ ಆ್ಯಪ್‌ನಲ್ಲಿ ಹಣ ಬರ್ತದೆ" ಎಂದು ಲಿಂಕ್ ಕಳುಹಿಸಿದರೆ ಅದನ್ನು ಮೋಸ ಎಂದೇ ತಿಳಿಯಿರಿ. ಇದು ಕಾಲೇಜು ಓದುವ ಯುವಕರಿಗೂ ಹೇಳುವ ಮಾತು.

ಗುಟ್ಟಾಗಿ ಬೇಡ, ಹೇಳಿಯೇ ಹಾಕಿ

ಮಗು ಮಲಗಿದ ಮೇಲೆ ಕದ್ದು ಕಂಟ್ರೋಲ್ ಹಾಕಿದರೆ ಬೆಳಗ್ಗೆ ಜಗಳ ಖಚಿತ. ಎದುರು ಕೂರಿಸಿ ಹೇಳಿ: "ಈ ಫೋನ್ ಮನೆಯದ್ದು. ಹೊಸ ಆ್ಯಪ್ ಬೇಕಾದರೆ ಕೇಳು. ಯಾಕೆ ಬೇಕು ಹೇಳು. ಸರಿ ಕಂಡರೆ ಹಾಕಿಕೊಡುತ್ತೇವೆ." ಕೇಳಿದಾಗ ಅದೇ ದಿನ ಉತ್ತರ ಕೊಡಿ. ಬೇಡ ಎಂದಾದರೆ ಯಾಕೆ ಬೇಡ ಅಂತಲೂ ಹೇಳಿ. ಕೇಳಿದ ಎಲ್ಲದಕ್ಕೂ ಇಲ್ಲ ಎಂದರೆ ಮಗು ಕೇಳುವುದನ್ನೇ ನಿಲ್ಲಿಸುತ್ತದೆ. ಆಮೇಲೆ ಗೆಳೆಯನ ಫೋನ್ ಇದ್ದೇ ಇದೆ.

ವಯಸ್ಸಿಗೆ ತಕ್ಕಂತೆ ಬೀಗ ಸಡಿಲವಾಗಬೇಕು. ಭಾರತೀಯ ಮಕ್ಕಳ ತಜ್ಞರ ಸಂಘದ ಸಲಹೆ ಹೀಗಿದೆ: ಎರಡು ವರ್ಷದೊಳಗಿನ ಮಗುವಿಗೆ ಪರದೆ ಬೇಡ, ಬಂಧುಗಳ ಜೊತೆ ಅಪರೂಪಕ್ಕೆ ವಿಡಿಯೊ ಕಾಲ್ ಮಾತ್ರ ಆಗಬಹುದು. 2ರಿಂದ 5 ವರ್ಷಕ್ಕೆ ದಿನಕ್ಕೆ ಒಂದು ಗಂಟೆ ಮೀರಬಾರದು. 5ರಿಂದ 10 ವರ್ಷಕ್ಕೆ ಎರಡು ಗಂಟೆಗಿಂತ ಕಡಿಮೆ. ಅಂದ್ರೆ ಉಪ್ಪನ ಜೊತೆ ಮಾತಾಡುವುದಕ್ಕೆ ತಡೆಯಿಲ್ಲ, ಕಾಲ್ ಮುಗಿದ ಮೇಲೆ ಫೋನ್ ಕೈಯಲ್ಲೇ ಉಳಿಯುವುದು ಸಮಸ್ಯೆ. 13 ದಾಟಿದ ಮಕ್ಕಳ ಹತ್ತಿರ ಪ್ರತಿ ಮೆಸೇಜ್ ಓದುವ ಪೊಲೀಸರಾಗಬೇಡಿ. ಡೌನ್‌ಲೋಡ್‌ಗೆ ಅನುಮತಿ, ರಾತ್ರಿಯ ಹೊತ್ತು ಫೋನ್ ಹಾಲ್‌ನಲ್ಲಿ, ಹಣಕ್ಕೆ ಪಿನ್. ಈ ಮೂರು ಸಾಕು. ಹುಡುಗನಿಗೂ ಹುಡುಗಿಗೂ ಒಂದೇ ನಿಯಮ ಇರಲಿ. ಮಗಳ ಫೋನ್ ಮಾತ್ರ ತಪಾಸಣೆ, ಮಗನಿಗೆ ಪೂರ್ತಿ ಬಿಡುವು ಎಂಬುದು ನ್ಯಾಯವಲ್ಲ, ರಕ್ಷಣೆಯೂ ಅಲ್ಲ.

ಮಕ್ಕಳಿಗೆ ನಿಯಮ ಹೇಳುವ ದೊಡ್ಡವರ ಫೋನ್ ಊಟದ ಹೊತ್ತಿಗೆ ಎಲ್ಲಿರುತ್ತದೆ ಎಂಬುದನ್ನೂ ಮಕ್ಕಳು ನೋಡುತ್ತಾರೆ.

ಕಾನೂನೂ ಈಗ ಪೋಷಕರ ಕಡೆಗೆ ಬರುತ್ತಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಖಚಿತ ಒಪ್ಪಿಗೆ ಬೇಕು. ಮಕ್ಕಳನ್ನು ಹಿಂಬಾಲಿಸಿ ಜಾಹೀರಾತು ತೋರಿಸಬಾರದು. ತಪ್ಪಿದರೆ ಕಂಪೆನಿಗೆ 200 ಕೋಟಿ ರೂಪಾಯಿವರೆಗೆ ದಂಡ. 2025ರ ನವೆಂಬರ್‌ನಲ್ಲಿ ಇದರ ನಿಯಮಗಳು ಪ್ರಕಟವಾಗಿವೆ. ಮುಖ್ಯ ಅಂಶಗಳ ಜಾರಿಗೆ 18 ತಿಂಗಳ ಕಾಲಾವಕಾಶ ಉಂಟು. ಆಸ್ಟ್ರೇಲಿಯಾವಂತೂ 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರಿಗೆ ಸೋಶಿಯಲ್ ಮೀಡಿಯಾ ಅಕೌಂಟ್ ಇಲ್ಲ ಎಂದಿದೆ. ಆದರೆ ಪಬ್‌ಜಿ ವಿಷಯದಲ್ಲಿ ಕಂಡ ಹಾಗೆ, ಕಾನೂನು ಬಂದ ಮೇಲೂ ಒಪ್ಪಿಗೆಯ ಗುಂಡಿ ಒತ್ತುವವರು ಮನೆಯವರೇ. ಆ ಒಪ್ಪಿಗೆಯನ್ನು ಮಗುವೇ ಉಮ್ಮನ ಹೆಸರಲ್ಲಿ ಕೊಟ್ಟುಕೊಂಡರೆ ಕಾನೂನು ಏನು ಮಾಡೀತು?

ಕೈ ಮೀರಿದರೆ ಎಲ್ಲಿ ಕೇಳುವುದು?

ಊಟ, ನಿದ್ದೆ, ಶಾಲೆ ಎಲ್ಲ ತಪ್ಪಿ ಮಗು ಫೋನ್ ಬಿಡಲಾರದೆ ಇದ್ದರೆ, ಕಸಿದಾಗ ಹೊಡೆಯಲು ಬಂದರೆ, ಅದು ಹಠ ಮಾತ್ರ ಅಲ್ಲದಿರಬಹುದು. ಆಟದ ಚಟವನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಪಟ್ಟಿಯಲ್ಲಿ ಸೇರಿಸಿದೆ, 2022ರಿಂದ ಆ ಪಟ್ಟಿ ಜಾರಿಯಲ್ಲಿದೆ. ಹೊಡೆದರೆ ಇದು ವಾಸಿಯಾಗುವುದಿಲ್ಲ, ವೈದ್ಯರಿಗೆ ತೋರಿಸಬೇಕು.

- ಕೇರಳ ಪೊಲೀಸರ 'ಡಿ ಡ್ಯಾಡ್' ಕೇಂದ್ರಗಳು ಮಕ್ಕಳ ಡಿಜಿಟಲ್ ಚಟಕ್ಕೆ ಉಚಿತ ಕೌನ್ಸೆಲಿಂಗ್ ಕೊಡುತ್ತವೆ. ಕಣ್ಣೂರಿನಲ್ಲಿ ಒಂದು ಉಂಟು.
- ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ 'ಶಟ್ ಕ್ಲಿನಿಕ್' ಇದೆ, ಫೋನ್ ಮತ್ತು ಇಂಟರ್‌ನೆಟ್ ಚಟಕ್ಕೆಂದೇ ಇರುವ ವಿಭಾಗ.
- ಮಾನಸಿಕ ಆರೋಗ್ಯದ ಉಚಿತ ಸಹಾಯವಾಣಿ 'ಟೆಲಿ ಮಾನಸ್': 14416.
- ಮಕ್ಕಳಿಗೆ ಯಾರಾದರೂ ಬೆದರಿಕೆ ಹಾಕಿದರೆ, ಫೋಟೊ ಕೇಳಿದರೆ: 1098.
- ಆನ್‌ಲೈನ್‌ನಲ್ಲಿ ಹಣ ಹೋದರೆ ತಕ್ಷಣ: 1930.

ಬೆದರಿಕೆ ಅಥವಾ ಮೋಸ ಆಗಿದ್ದರೆ ಮೆಸೇಜ್ ಡಿಲೀಟ್ ಮಾಡಬೇಡಿ, ಸ್ಕ್ರೀನ್‌ಶಾಟ್ ತೆಗೆದಿಡಿ. ಮಗು ತಾನಾಗಿ ಬಂದು ಹೇಳಿದರೆ ಮೊದಲು ಬಯ್ಯಬೇಡಿ. ಬಯ್ಗುಳದ ಹೆದರಿಕೆಯಿಂದ ಮುಚ್ಚಿಟ್ಟ ವಿಷಯಗಳೇ ದೊಡ್ಡ ಅನಾಹುತವಾಗುವುದು.

ಈ ಭಾನುವಾರದ ಕೆಲಸ

ಅಂಗಡಿಯಲ್ಲಿ ವರ್ಷಕ್ಕೊಮ್ಮೆ ಸ್ಟಾಕ್ ನೋಡುವ ಹಾಗೆ ಫೋನ್‌ನ ಸ್ಟಾಕ್ ತಿಂಗಳಿಗೊಮ್ಮೆ ನೋಡಿ. ಪ್ಲೇ ಸ್ಟೋರ್‌ನಲ್ಲಿ 'ಮ್ಯಾನೇಜ್ ಆ್ಯಪ್ಸ್ ಆ್ಯಂಡ್ ಡಿವೈಸ್' ಒತ್ತಿದರೆ ಫೋನ್‌ನಲ್ಲಿ ಇರುವ ಆ್ಯಪ್‌ಗಳ ಪಟ್ಟಿ ಬರುತ್ತದೆ. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದನ್ನೂ ಓದಿ, ಬೇಕಾದ್ದು ಇರಲಿ, ಬೇಡದ್ದು ಹೋಗಲಿ. ನಂತರ ಪಾಸ್‌ವರ್ಡ್, ಪ್ಲೇ ಸ್ಟೋರ್ ಪಿನ್, ಅನ್‌ನೋನ್ ಆ್ಯಪ್ಸ್, ಖರೀದಿ ದೃಢೀಕರಣ, ಆಟೋಪೇ ಈ ಐದನ್ನು ಇದೇ ಕ್ರಮದಲ್ಲಿ ಮುಗಿಸಿ. ಅರ್ಧ ಗಂಟೆಯ ಕೆಲಸ. ಉಪ್ಪ ದೂರದಲ್ಲಿದ್ದರೆ ವಿಡಿಯೊ ಕಾಲ್‌ನಲ್ಲಿ ಜೊತೆಗಿರಲಿ, ಆದರೆ ಪಿನ್ ಒತ್ತುವ ಬೆರಳು ಉಮ್ಮನದ್ದಾಗಿರಲಿ.